ಮೂರನೇ ಸಲ ಅದೇ ಬಗ್

"ಇದು ಮುಂಚೆನೂ ಆಗಿತ್ತಲ್ವಾ?" ಅಂತ ತಂಡದ ಹಿರಿಯರೊಬ್ಬರು ಕೇಳಿದರು. "ಇಲ್ಲ ಸಾರ್, ಇದೇ ಮೊದಲು" ಅಂದೆ. ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ, ನನಗೆ ನಿಜವಾಗಿ ಹಾಗೇ ಅನಿಸಿತ್ತು. ನಾನು ಬರೆದ ಪ್ರೋಗ್ರಾಮಿನಲ್ಲಿ ಒಂದು ಬಗ್, ಅಂದರೆ ತಪ್ಪು: ಒಂದು ವರದಿಯಲ್ಲಿ ತಿಂಗಳ ಕೊನೆಯ ದಿನದ ವಹಿವಾಟು ಬರುತ್ತಿರಲಿಲ್ಲ. "31ನೇ ತಾರೀಕಿನವರೆಗೆ" ಅಂದರೆ ನಮಗೆ 31 ಪೂರ್ತಿ ಸೇರಿದ ಹಾಗೆ. ಕಂಪ್ಯೂಟರಿಗೆ ಅದು 31ರ ದಿನ ಶುರುವಾಗುವ 00:00 ಗಂಟೆ, ಆಮೇಲಿನದೆಲ್ಲ ಹೊರಗೆ. ಸರಿಮಾಡಲು ಎರಡು ನಿಮಿಷ, ಹುಡುಕಲು ಮುಕ್ಕಾಲು ದಿನ.

ಸಂಜೆ ಯಾಕೋ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಾಡಿಡುವ ಗಿಟ್‌ನ ಇತಿಹಾಸ ಕೆದಕುತ್ತಾ ಕೂತೆ. ಎಂಟು ತಿಂಗಳ ಹಿಂದೆ ಒಂದು ಸಲ, ಅದಕ್ಕೂ ಮುಂಚೆ ಇನ್ನೊಂದು ಸಲ, ಬೇರೆ ಬೇರೆ ಫೈಲುಗಳಲ್ಲಿ ಇದೇ ತಪ್ಪನ್ನು ನಾನೇ ಮಾಡಿ ನಾನೇ ಸರಿಪಡಿಸಿದ್ದೆ. ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ, ಅಂದರೆ ಕಮಿಟ್ ಮೆಸೇಜ್ ಕೂಡ ಹೆಚ್ಚುಕಡಿಮೆ ಅದೇ. ಹಿರಿಯರಿಗೆ ನೆನಪಿತ್ತು, ನನಗಿರಲಿಲ್ಲ. ನನ್ನ ಬೆನ್ನು ಅವರಿಗೆ ಕಾಣುತ್ತಿತ್ತು ಅಷ್ಟೆ.

ಅಲ್ಲಿಯವರೆಗೆ ಸುಧಾರಣೆ ಅಂದರೆ ನನ್ನ ಮಟ್ಟಿಗೆ ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯುವುದು, ಹೊಸ ಫ್ರೇಮ್‌ವರ್ಕ್ ಕಲಿಯುವುದು, ವಾರಾಂತ್ಯಕ್ಕೊಂದು ಕೋರ್ಸ್ ಶುರುಮಾಡಿ ಅರ್ಧಕ್ಕೆ ಬಿಡುವುದು. ಮಾಡುವ ಕೆಲಸವನ್ನೇ ನೋಡಿಕೊಳ್ಳಬೇಕು, ಅದಕ್ಕೂ ಒಂದು ಕ್ರಮ ಇರಬಹುದು ಅನ್ನೋದು ಹೊಳೆದೇ ಇರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಪರ್ಸನಲ್ ಸಾಫ್ಟ್‌ವೇರ್ ಪ್ರಾಸೆಸ್, ಚಿಕ್ಕದಾಗಿ ಪಿಎಸ್‌ಪಿ. ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸವನ್ನು ತಾವೇ ಅಳೆದು ತಿದ್ದಿಕೊಳ್ಳುವ ಕ್ರಮ. ಇವತ್ತು ಇದರ ಹೆಸರು ಕೇಳಿದ ಡೆವಲಪರ್‌ಗಳು ಕಡಿಮೆ. ಕೇಳಿದವರಲ್ಲಿ ಅರ್ಧ ಜನ ಮುಖ ಹಿಂಡುತ್ತಾರೆ. ಯಾಕೆ ಅಂತ ನನಗೂ ಆಮೇಲೆ ಗೊತ್ತಾಯಿತು.

ಇದನ್ನು ರೂಪಿಸಿದವರು ವಾಟ್ಸ್ ಹಂಫ್ರಿ. ಐಬಿಎಂನಲ್ಲಿ 27 ವರ್ಷ ಇದ್ದು, 1986ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಸೇರಿದವರು. ದೊಡ್ಡ ಕಂಪನಿಗಳು ಗೋಡೆಗೆ ಸರ್ಟಿಫಿಕೇಟ್ ಹಾಕಿಕೊಳ್ಳುತ್ತಿದ್ದ ಸಿಎಂಎಂ (ಸಂಸ್ಥೆಯೊಂದರ ಸಾಫ್ಟ್‌ವೇರ್ ಕೆಲಸದ ಕ್ರಮ ಎಷ್ಟು ಪಕ್ವ ಅಂತ ಅಳೆಯುವ) ಮಾದರಿಯ ಹಿಂದೆ ಇದ್ದವರೂ ಅವರೇ. ಆದರೆ ಅದು ಸಂಸ್ಥೆಗಳಿಗೆ ಮಾಡಿದ್ದು. ಒಬ್ಬನೇ ಕೂತು ಕೋಡ್ ಬರೆಯುವವನಿಗೆ ಅದರಿಂದ ಏನು ಸಿಗುತ್ತದೆ? ಇದನ್ನು ತಿಳಿಯಲು ಅವರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಚಿಕ್ಕ ಚಿಕ್ಕ ಪ್ರೋಗ್ರಾಂಗಳನ್ನು ಸಾಲಾಗಿ ಬರೆಯುತ್ತಾ, ಪ್ರತಿಯೊಂದಕ್ಕೂ ಹಿಡಿದ ಸಮಯ ಮತ್ತು ಮಾಡಿದ ತಪ್ಪುಗಳ ಲೆಕ್ಕ ಇಟ್ಟರು. ಆಗ ಅವರ ವಯಸ್ಸು ಅರವತ್ತು ದಾಟಿತ್ತು. ಆ ವಯಸ್ಸಿಗೆ, ಆ ಹೆಸರಿಗೆ, ಕೂತು ತನ್ನ ಸೆಮಿಕೋಲನ್ ತಪ್ಪುಗಳನ್ನು ಎಣಿಸುವುದು ಅಂದರೆ ಸುಮ್ನೆ ಅಲ್ಲ. 1995ರಲ್ಲಿ ಅದೆಲ್ಲ ಪಾಠದ ರೂಪದಲ್ಲಿ ಹೊರಬಂತು. 2010ರಲ್ಲಿ ಅವರು ತೀರಿಕೊಂಡರು.

ಪಿಎಸ್‌ಪಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಪದ್ಧತಿ. ಮೊದಲ ಮೆಟ್ಟಿಲು ಪಿಎಸ್‌ಪಿ 0. ಅಲ್ಲಿ ಏನನ್ನೂ ಬದಲಾಯಿಸುವ ಹಾಗಿಲ್ಲ, ಈಗ ಹೇಗೆ ಕೆಲಸ ಮಾಡುತ್ತೀರೋ ಹಾಗೇ ಮಾಡಿ, ಆದರೆ ಬರೆದಿಡಿ. ಇದು ನನಗೆ ತುಂಬ ಹಿಡಿಸಿತು. ಜಾಸ್ತಿ ವಿಧಾನಗಳು ಮೊದಲ ದಿನವೇ ಬೆಳಗ್ಗೆ ಐದಕ್ಕೆ ಏಳಲು ಹೇಳುತ್ತವೆ. ಆಮೇಲೆ ಅಂದಾಜು ಹಾಕುವುದು, ಅದಾದ ಮೇಲೆ ಕೋಡ್ ಮತ್ತು ಡಿಸೈನ್ ಅನ್ನು ತಾನೇ ಪರಿಶೀಲಿಸುವುದು, ಕೊನೆಗೆ ಡಿಸೈನ್ ಬರೆದಿಡಲು ನಮೂನೆಗಳು. ಉದ್ದಕ್ಕೂ ಜೊತೆಗಿರುವುದು ಎರಡು ಪಟ್ಟಿಗಳು: ಸಮಯದ ಲಾಗ್, ತಪ್ಪುಗಳ ಲಾಗ್.

ಸಮಯದ ಲಾಗ್ ಕಥೆಯನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನಾನು ಅದರಲ್ಲಿ ಸೋತೆ. ಯಾವಾಗ ಶುರು, ಯಾವಾಗ ಮುಗಿಯಿತು, ನಡುವೆ ಎಷ್ಟು ನಿಮಿಷ ಅಡ್ಡಿ, ಯಾವ ಹಂತದ ಕೆಲಸ, ಎಲ್ಲ ಬರೆಯಬೇಕು. ಯಾರೋ ಬಂದು ಮಾತಾಡಿಸಿದರೆ ಗಡಿಯಾರ ನಿಲ್ಲಿಸಬೇಕು. ಅವರು ಹೋದ ಮೇಲೆ ಮತ್ತೆ ಶುರುಮಾಡಬೇಕು. ಈ ಎರಡನೆಯದನ್ನೇ ಮರೆಯುವುದು. ಸಂಜೆ ಆರಕ್ಕೆ ಕೂತು "10ರಿಂದ 11:40 ಡಿಸೈನ್, 11:40ರಿಂದ 1 ಕೋಡಿಂಗ್" ಅಂತ ನೆನಪಿನಿಂದ ತುಂಬುತ್ತಿದ್ದೆ. ನೆನಪನ್ನು ನಂಬಬಾರದು ಅಂತ ಶುರುಮಾಡಿದ ಕೆಲಸವನ್ನು ನೆನಪಿನಿಂದಲೇ ಮಾಡುವುದು! ಐದು ವಾರಕ್ಕೆ ಬಿಟ್ಟೆ.

ಈ ಸೋಲು ನನ್ನೊಬ್ಬನದ್ದಲ್ಲ, ಎಲ್ಲರದ್ದು ಅಂತ ಆಮೇಲೆ ಓದಿ ಸಮಾಧಾನವಾಯಿತು. ಹವಾಯಿ ವಿಶ್ವವಿದ್ಯಾಲಯದ ಫಿಲಿಪ್ ಜಾನ್ಸನ್ ಮತ್ತು ಆನ್ ಡಿಸ್ನಿ 1990ರ ದಶಕದ ಕೊನೆಯಲ್ಲಿ ಪಿಎಸ್‌ಪಿ ಕಲಿತ ಹತ್ತು ಜನರ ಹಾಳೆಗಳನ್ನು ಒಂದೊಂದಾಗಿ ತಪಾಸಣೆ ಮಾಡಿದರು. ಸಿಕ್ಕಿದ್ದು 1,500ಕ್ಕೂ ಹೆಚ್ಚು ತಪ್ಪುಗಳು. ಕೋಡಿನಲ್ಲಿ ಅಲ್ಲ, ಲೆಕ್ಕದ ಹಾಳೆಗಳಲ್ಲಿ. ಕೂಡಿದ್ದು ತಪ್ಪು, ಒಂದು ಹಾಳೆಯಿಂದ ಇನ್ನೊಂದಕ್ಕೆ ಇಳಿಸಿದ್ದು ತಪ್ಪು, ಬರೆಯಲೇ ಮರೆತದ್ದು ಎಷ್ಟೋ. ಜಾನ್ಸನ್ ಆಮೇಲೆ ಇನ್ನೊಂದು ತುದಿಗೆ ಹೋದರು. ಹ್ಯಾಕಿಸ್ಟ್ಯಾಟ್ ಅನ್ನುವ ವ್ಯವಸ್ಥೆ ಕಟ್ಟಿದರು. ಎಡಿಟರ್ ಒಳಗೇ ಸೆನ್ಸರ್ ಕೂತು ತಾನೇ ಎಲ್ಲ ದಾಖಲಿಸಿಕೊಳ್ಳುತ್ತಿತ್ತು, ಮನುಷ್ಯ ಏನೂ ಬರೆಯಬೇಕಿಲ್ಲ. ಅಲ್ಲಿ ಬೇರೆ ತಕರಾರು ಬಂತು. ನಾನು ಏನು ಮಾಡುತ್ತಿದ್ದೇನೆ ಅಂತ ಯಾವುದೋ ಯಂತ್ರ ಸದ್ದಿಲ್ಲದೆ ಬರೆದುಕೊಳ್ಳುತ್ತಿದೆ ಅನ್ನೋದು ಕೆಲವರಿಗೆ ಹಿಡಿಸಲಿಲ್ಲ. ಹಿಡಿಸದೇ ಇದ್ದದ್ದು ಸಹಜ ಅಂತ ನನಗನಿಸುತ್ತದೆ. ಅದೂ ಅಲ್ಲದೆ, ಎಡಿಟರಿನಲ್ಲಿ ಯಾವ ಫೈಲ್ ಎಷ್ಟು ಹೊತ್ತು ತೆರೆದಿತ್ತು ಅಂತ ಯಂತ್ರ ಹೇಳಬಲ್ಲದು. ಆ ಹೊತ್ತಿನಲ್ಲಿ ನಾನು ಏನನ್ನು ತಪ್ಪು ತಿಳಿದಿದ್ದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಅದು ಗೊತ್ತಾಗುವುದು ಎರಡನೇ ಪಟ್ಟಿಯಲ್ಲಿ. ತಪ್ಪುಗಳ ಲಾಗ್.

ಹಂಫ್ರಿಯವರ ನಮೂನೆಯಲ್ಲಿ ಪ್ರತಿ ತಪ್ಪಿಗೂ ಒಂದು ಸಾಲು. ಯಾವ ಬಗೆಯದು, ಯಾವ ಹಂತದಲ್ಲಿ ಒಳಗೆ ಬಂತು, ಯಾವ ಹಂತದಲ್ಲಿ ಸಿಕ್ಕಿತು, ಸರಿಮಾಡಲು ಎಷ್ಟು ನಿಮಿಷ, ಮತ್ತೆ ಒಂದು ವಾಕ್ಯದ ವಿವರಣೆ. ಬಗೆಗಳಿಗೆ 10ರಿಂದ 100ರವರೆಗೆ ಹತ್ತು ಸಂಖ್ಯೆಗಳು. 20 ಅಂದರೆ ಸಿಂಟ್ಯಾಕ್ಸ್ (ಕೋಡಿನ ವ್ಯಾಕರಣ), 50 ಅಂದರೆ ಭಾಗಗಳು ಒಂದಕ್ಕೊಂದು ಸೇರುವ ಇಂಟರ್‌ಫೇಸ್, 80 ಅಂದರೆ ಪ್ರೋಗ್ರಾಮಿನ ತರ್ಕ, ಹೀಗೆ. ನಾನು ಆ ಸಂಖ್ಯೆಗಳನ್ನು ಎರಡು ವಾರ ಬಳಸಿ ಬಿಟ್ಟೆ, ನನ್ನದೇ ಹೆಸರುಗಳನ್ನು ಇಟ್ಟುಕೊಂಡೆ: "ಅಂಚು", "ಖಾಲಿ", "ಕೇಳಿದ್ದು ಬೇರೆ", "ಅವರ ಎಪಿಐ" (ಬೇರೆಯವರ ಪ್ರೋಗ್ರಾಂ ಜೊತೆ ಮಾತಾಡುವ ದಾರಿ), "ಕಾಪಿ ಪೇಸ್ಟ್". ಹೆಸರು ನಮ್ಮದೇ ಆದಾಗ ಬರೆಯಲು ಬೇಜಾರಾಗುವುದಿಲ್ಲ.

ಹೀಗೆ ಮಾಡಿದವರಲ್ಲಿ ನನಗೆ ಇಷ್ಟವಾದ ಉದಾಹರಣೆ ಪಿಎಸ್‌ಪಿಯದ್ದಲ್ಲ. ಡೊನಾಲ್ಡ್ ಕ್ನೂತ್ ಅವರದ್ದು. ಟೆಕ್ ಅನ್ನುವ ಅಕ್ಷರಜೋಡಣೆಯ ಪ್ರೋಗ್ರಾಂ ಬರೆಯುವಾಗ, 1978ರಲ್ಲಿ ಮೊದಲ ಸಲ ಡಿಬಗ್ ಮಾಡಲು, ಅಂದರೆ ತಪ್ಪು ಹುಡುಕಿ ತಿದ್ದಲು, ಕೂತ ದಿನದಿಂದಲೇ, ಅವರು ತಮ್ಮ ಪ್ರತಿ ತಪ್ಪನ್ನೂ ಪ್ರತಿ ಬದಲಾವಣೆಯನ್ನೂ ಬರೆದಿಟ್ಟರು. ಹತ್ತು ವರ್ಷ. 850ಕ್ಕೂ ಹೆಚ್ಚು ನಮೂದುಗಳು, 15 ಬಗೆಗಳು, ಒಂದೊಂದು ಬಗೆಗೂ ಒಂದು ಅಕ್ಷರ. ಟಿ ಅಂದರೆ ಕ್ಷುಲ್ಲಕ ಟೈಪಿಂಗ್ ತಪ್ಪು, ಎಫ್ ಅಂದರೆ ಮರೆತುಹೋದ ಕೆಲಸ, ಎಸ್ ಅಂದರೆ ಹೀಗೂ ಆಗಬಹುದು ಅಂತ ಎಣಿಸದೇ ಇದ್ದ ಸಂದರ್ಭ. 1989ರಲ್ಲಿ ಅಷ್ಟನ್ನೂ ಪ್ರಕಟಿಸಿದರು. ಜಗತ್ತಿನ ದೊಡ್ಡ ಪ್ರೋಗ್ರಾಮರ್‌ಗಳಲ್ಲಿ ಒಬ್ಬರು ತಮ್ಮ ಪೆದ್ದುತನಗಳನ್ನು ವಿಂಗಡಿಸಿ ಎಲ್ಲರ ಮುಂದೆ ಇಟ್ಟಿದ್ದು ಓದಿದ ಮೇಲೆ, ನನ್ನ ಪಟ್ಟಿ ತೆರೆಯಲು ಇದ್ದ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ನನ್ನ ಪಟ್ಟಿ ಏನು ಹೇಳಿತು?

ನನ್ನ ದೌರ್ಬಲ್ಯ ಏನು ಅಂತ ಮೊದಲು ಯಾರಾದರೂ ಕೇಳಿದ್ದರೆ, ಥ್ರೆಡ್‌ಗಳು, ಲಾಕ್‌ಗಳು, ಒಟ್ಟಿಗೆ ನಡೆಯುವ ಕೆಲಸಗಳು ಅಂತ ತಟ್ಟನೆ ಹೇಳುತ್ತಿದ್ದೆ. ಆ ವಿಷಯದ ಮೇಲೆ ಒಂದು ಕೋರ್ಸಿಗೂ ಸೇರಿದ್ದೆ. ಮೂರು ತಿಂಗಳ ಪಟ್ಟಿಯಲ್ಲಿ ಆ ಬಗೆಯ ತಪ್ಪು ಎಷ್ಟಿತ್ತು ಗೊತ್ತಾ? ಒಂದು. ಆ ವಿಷಯಕ್ಕೆ ಕೈಹಾಕುವಾಗ ಹೆದರಿಕೆ ಇರುತ್ತದೆ, ಹೆದರಿಕೆ ಇರುವಲ್ಲಿ ನಿಧಾನವಾಗಿ ಹೋಗುತ್ತೇನೆ, ನಿಧಾನವಾಗಿ ಹೋದಲ್ಲಿ ಎಡವುವುದು ಕಡಿಮೆ. ಎಡವುತ್ತಿದ್ದದ್ದೆಲ್ಲ ಕಣ್ಣು ಮುಚ್ಚಿ ನಡೆಯಬಲ್ಲೆ ಅಂದುಕೊಂಡಿದ್ದ ದಾರಿಯಲ್ಲೇ. ಎಣಿಕೆಯಲ್ಲಿ ಎಲ್ಲಕ್ಕಿಂತ ಮೇಲೆ ಕೂತಿದ್ದು "ಖಾಲಿ". ಪಟ್ಟಿ ಖಾಲಿ ಬಂದರೆ ಏನು, ಹೆಸರಿನ ಜಾಗದಲ್ಲಿ ಏನೂ ಇಲ್ಲದಿದ್ದರೆ ಏನು. ಅದರ ಹಿಂದೆಯೇ "ಅಂಚು". ತಿಂಗಳ ಕೊನೆಯ ದಿನದ ನನ್ನ ಹಳೇ ಗೆಳೆಯ ಅದೇ ಮನೆಯವನು.

ಆದರೆ ಎಣಿಕೆ ಬಿಟ್ಟು ನಿಮಿಷಗಳ ಕಾಲಂ ಕೂಡಿ ನೋಡಿದಾಗ ಚಿತ್ರವೇ ಬೇರೆ. "ಕೇಳಿದ್ದು ಬೇರೆ" ಅನ್ನುವ ಬಗೆ ಇದ್ದದ್ದು ಬೆರಳೆಣಿಕೆಯಷ್ಟು. ಅವರು ಕೇಳಿದ್ದು ಒಂದು, ನಾನು ಕಟ್ಟಿದ್ದು ಇನ್ನೊಂದು. ಆ ನಾಲ್ಕೈದು ಸಾಲುಗಳು ನುಂಗಿದ ಸಮಯ ಉಳಿದ ಎಲ್ಲವನ್ನೂ ಕೂಡಿದರೂ ಹೆಚ್ಚು. ಒಂದರಲ್ಲಂತೂ ಒಂದು ವಾರದ ಕೋಡ್ ಪೂರ್ತಿ ಅಳಿಸಿ ಹಾಕಿದ್ದೆ. "ರದ್ದಾದ ಆರ್ಡರ್" ಅಂದರೆ ಗ್ರಾಹಕ ರದ್ದು ಮಾಡಿದ್ದು ಮಾತ್ರವೋ, ಹಣ ಪಾವತಿಯಾಗದೆ ತಾನಾಗೇ ರದ್ದಾದದ್ದೂ ಸೇರಿತೋ? ಮೊದಲ ದಿನ ಒಂದು ಸಾಲು ಬರೆದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಹಾಗಾಗಿ ಈ ಪಟ್ಟಿ ಶುರುಮಾಡುವವರಿಗೆ ನಾನು ಹೇಳುವುದು ಒಂದೇ: ಬೇರೆ ಯಾವ ಕಾಲಂ ಬಿಟ್ಟರೂ ನಿಮಿಷಗಳದ್ದನ್ನು ಬಿಡಬೇಡಿ. ಬರೀ ಎಣಿಸಿದರೆ ನೀವು ಸೊಳ್ಳೆ ಹೊಡೆಯುತ್ತಾ ಕೂರುತ್ತೀರಿ, ಹಿಂದಿನ ಬಾಗಿಲಲ್ಲಿ ಆನೆ ಹೋಗುತ್ತಿರುತ್ತದೆ.

"ಯಾವ ಹಂತದಲ್ಲಿ ಒಳಗೆ ಬಂತು" ಅನ್ನುವ ಕಾಲಂ ತುಂಬುವುದು ಎಲ್ಲಕ್ಕಿಂತ ಕಷ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲ ತಿಂಗಳು ನನ್ನ ಕಾಲಂ ತುಂಬ ಡೊಂಕು ನೆಲಗಳೇ. ಬೇರೆಯವರು ಬರೆದಿಟ್ಟ ಕೋಡಿನ ಲೈಬ್ರರಿ ಸರಿಯಿಲ್ಲ, ದಾಖಲೆ ಸರಿಯಿಲ್ಲ, ಕೆಲಸದ ವಿವರ ಕೊಡುವ ಟಿಕೆಟ್‌ನಲ್ಲಿ ಬರೆದಿರಲಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆ. ತಪ್ಪು ಬೇರೆಯವರದ್ದೇ ಆಗಿರಲಿ, ಅದು ನನ್ನ ಕೈದಾಟಿ ಹೋದ ಗಳಿಗೆ ಯಾವುದು ಅಂತ ಬರೆಯುವುದು. ಟಿಕೆಟ್‌ನಲ್ಲಿ ಇರಲಿಲ್ಲ, ಸರಿ, ನಾನು ಕೇಳಬಹುದಾಗಿದ್ದ ಹೊತ್ತು ಯಾವುದು? ಈ ಪ್ರಶ್ನೆಗೆ ಹೆಚ್ಚು ಸಲ ಉತ್ತರ ಇರುತ್ತದೆ. ಅದೇ ಕಿರಿಕಿರಿ.

ಪಟ್ಟಿಯಿಂದ ಮುಂದೆ ಹೋಗುವ ದಾರಿ ಚೆಕ್‌ಲಿಸ್ಟ್. ಪಿಎಸ್‌ಪಿಯಲ್ಲಿ ಕೋಡನ್ನು ಬೇರೆಯವರಿಗೆ ಕೊಡುವ ಮುಂಚೆ, ಟೆಸ್ಟ್ ಓಡಿಸುವ ಮುಂಚೆ, ಅಷ್ಟೇ ಯಾಕೆ, ಮೊದಲ ಸಲ ಕಂಪೈಲ್ ಮಾಡುವುದಕ್ಕೂ (ಕೋಡನ್ನು ಯಂತ್ರದ ಭಾಷೆಗೆ ಇಳಿಸುವುದಕ್ಕೂ) ಮುಂಚೆ ತಾನೇ ಓದಬೇಕು ಅಂತ ಇದೆ. ಕಂಪೈಲಿನ ಮಾತು ಇವತ್ತಿಗೆ ಹೊಂದುವುದಿಲ್ಲ. ಈಗ ಟೈಪ್ ಮಾಡುತ್ತಿರುವಾಗಲೇ ಎಡಿಟರ್ ಕೆಂಪು ಗೆರೆ ಎಳೆದು ಬಯ್ಯುತ್ತದೆ, ಕಂಪೈಲ್ ಅನ್ನುವ ಬೇರೆ ಹಂತವೇ ಕರಗಿಹೋಗಿದೆ. ಸಿಂಟ್ಯಾಕ್ಸ್ ತಪ್ಪುಗಳನ್ನು ಬರೆದಿಡುವುದೂ ಈಗ ವ್ಯರ್ಥ. ಆದರೆ ಓದುವ ಭಾಗ ಹಾಗೇ ನಿಲ್ಲುತ್ತದೆ. ಚೆಕ್‌ಲಿಸ್ಟ್‌ನ ಒಂದು ಅಂಶ ಹಿಡಿದು ಇಡೀ ಕೋಡ್ ಓದಿ, ಆಮೇಲೆ ಮುಂದಿನ ಅಂಶ ಹಿಡಿದು ಮತ್ತೆ ಮೇಲಿನಿಂದ. ವೇಗ ಗಂಟೆಗೆ 200 ಸಾಲು ದಾಟಬಾರದು ಅಂತ ಹಂಫ್ರಿ ಹೇಳುತ್ತಾರೆ. ನಾನು ಒಮ್ಮೆ ಗಡಿಯಾರ ಇಟ್ಟು ನೋಡಿದೆ, 400 ಸಾಲಿನ ಬದಲಾವಣೆಯನ್ನು ಹನ್ನೆರಡು ನಿಮಿಷದಲ್ಲಿ "ಓದಿ" ಮುಗಿಸಿದ್ದೆ. ಅದು ಓದುವುದಲ್ಲ, ಬಸ್ಸಿನ ಕಿಟಕಿಯಿಂದ ಊರು ನೋಡುವುದು.

ಚೆಕ್‌ಲಿಸ್ಟ್ ಅಂದ ತಕ್ಷಣ ಜನ ಎಲ್ಲಿಂದಲೋ 60 ಅಂಶಗಳ ಪಟ್ಟಿ ಇಳಿಸಿಕೊಳ್ಳುತ್ತಾರೆ. ನಾನೂ ಇಳಿಸಿಕೊಂಡಿದ್ದೆ. ಮೂರು ದಿನ ಬಾಳಿಕೆ ಬಂತು. ನನ್ನ ಈಗಿನ ಚೆಕ್‌ಲಿಸ್ಟ್‌ನಲ್ಲಿ ಏಳೇ ಅಂಶ ಇವೆ, ಏಳೂ ನನ್ನ ಪಟ್ಟಿಯಿಂದ ಹುಟ್ಟಿದವು. ಒಂದು ಅಂಶ ಎರಡು ತಿಂಗಳು ಏನನ್ನೂ ಹಿಡಿಯಲಿಲ್ಲ ಅಂದರೆ ತೆಗೆದುಹಾಕುತ್ತೇನೆ. ಹಾಗೆ "ಕಾಪಿ ಪೇಸ್ಟ್" ಹೋಯಿತು. "ಅಂಚು" ಇನ್ನೂ ಹೋಗಿಲ್ಲ.

ಅಭ್ಯಾಸದ ವಿಷಯಕ್ಕೂ ಇದೇ ಪಟ್ಟಿ ದಾರಿ ತೋರಿಸಿತು. ಪ್ರೋಗ್ರಾಮರ್ ಡೇವ್ ಥಾಮಸ್ ಕರಾಟೆಯಿಂದ ತಂದ ಪದ ಕೋಡ್ ಕಾಟಾ: ಒಂದೇ ಚಿಕ್ಕ ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸುವುದು. ಕೋಡ್‌ರಿಟ್ರೀಟ್ ಅಂತ 2009ರಲ್ಲಿ ಶುರುವಾದ ಇನ್ನೊಂದು ರೂಢಿಯಿದೆ. ಜೋಡಿಯಾಗಿ ಕೂತು 45 ನಿಮಿಷ ಕಾನ್ವೇಯವರ ಗೇಮ್ ಆಫ್ ಲೈಫ್ (ಚೌಕಗಳು ಸರಳ ನಿಯಮದಂತೆ ಹುಟ್ಟಿ ಸಾಯುವ ಒಂದು ಗಣಿತದ ಆಟ) ಬರೆಯುವುದು, ಹೊತ್ತಾದ ಮೇಲೆ ಕೋಡ್ ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ. ಅಳಿಸಬೇಕು ಅಂತ ಗೊತ್ತಿದ್ದಾಗ ಮುಗಿಸುವ ಆತುರ ಹೋಗುತ್ತದೆ, ತುಂಬ ಒಳ್ಳೇ ಉಪಾಯ. ಆದರೆ ನಾನು ಕಾಟಾ ಮಾಡುತ್ತಿದ್ದಾಗ ನನಗೆ ಚೆನ್ನಾಗಿ ಬರುವುದನ್ನೇ ಇನ್ನಷ್ಟು ಚೆನ್ನಾಗಿ ಮಾಡುತ್ತಿದ್ದೆ. ಖುಷಿಯಾಗುತ್ತಿತ್ತು, ಅಷ್ಟೆ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಪಿಟೀಲು ವಾದಕರನ್ನು ಇಟ್ಟುಕೊಂಡು ಬರೆದ ಪ್ರಬಂಧವನ್ನು ಜನ ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಪರಿಣತರಾಗಬಹುದು ಅನ್ನುವ ಕಥೆಯಾಗಿ ನೆನಪಿಟ್ಟಿದ್ದಾರೆ. ಅದರ ಜೀವ ಗಂಟೆಗಳಲ್ಲಿಲ್ಲ, ಬರದ ಜಾಗವನ್ನು ಗುರುತಿಸಿ ಅಲ್ಲೇ ಕೂತು ತಿದ್ದುವುದರಲ್ಲಿದೆ. ಪಿಟೀಲು ಕಲಿಯುವವರಿಗೆ ಅದನ್ನು ಗುರುಗಳು ಹೇಳುತ್ತಾರೆ. ನನಗೆ ಹೇಳುವವರು ಯಾರೂ ಇರಲಿಲ್ಲ, ಪಟ್ಟಿ ಇತ್ತು. ದಿನಾಂಕಗಳ ಮಧ್ಯಂತರದ ಮೇಲೆ ಹದಿನೈದು ದಿನ ದಿನಕ್ಕೆ ಅರ್ಧ ಗಂಟೆ ಕೂತೆ. ಬೇಜಾರಿನ ಕೆಲಸ. ಒಂದು ತುದಿ ಸೇರಿಸಿ ಇನ್ನೊಂದು ತುದಿ ಬಿಡುವ ರೂಢಿ ಯಾಕಿದೆ, 31ರವರೆಗೆ ಅನ್ನುವ ಬದಲು ಮುಂದಿನ ತಿಂಗಳ 1ಕ್ಕಿಂತ ಮುಂಚೆ ಅಂತ ಬರೆದರೆ ಎಷ್ಟು ತಲೆನೋವು ಇಳಿಯುತ್ತದೆ ಅನ್ನೋದು ಆಗ ಕೈಗೆ ಹತ್ತಿತು.

ಅಂದಾಜಿನ ಬಗ್ಗೆಯೂ ಒಂದು ಮಾತು. 1994ರಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಉತ್ತರ 33.9 ದಿನ. ಎಲ್ಲವೂ ಕೆಟ್ಟರೆ? 48.6 ದಿನ. ನಿಜವಾಗಿ ಹಿಡಿದದ್ದು 55.5 ದಿನ. ಕೆಟ್ಟ ಕನಸಿಗಿಂತಲೂ ನಿಜ ಉದ್ದ! ನಾನು ಸಮಯದ ಲಾಗ್ ಬಿಟ್ಟರೂ ಇದಕ್ಕಾಗಿ ಒಂದು ಚೂರು ಉಳಿಸಿಕೊಂಡೆ. ಕೆಲಸ ಶುರುಮಾಡುವ ಮುಂಚೆ ಒಂದು ಸಂಖ್ಯೆ, ಮುಗಿದ ಮೇಲೆ ಇನ್ನೊಂದು, ನಡುವೆ ಗಡಿಯಾರ ಇಲ್ಲ. ಹಂಫ್ರಿಯವರ ಪ್ರೋಬ್ ವಿಧಾನ ಇದನ್ನೇ ಗಣಿತ ಹಾಕಿ ಮಾಡುತ್ತದೆ. ಹಳೇ ಅಂದಾಜುಗಳನ್ನೂ ನಿಜವಾಗಿ ಆದದ್ದನ್ನೂ ಗ್ರಾಫ್‌ನಲ್ಲಿಟ್ಟು, ನಡುವೆ ಒಂದು ಗೆರೆ ಎಳೆದು, ಹೊಸ ಕೆಲಸದ ಉತ್ತರವನ್ನು ಆ ಗೆರೆಯಿಂದ ತೆಗೆಯುವುದು. ನನಗೆ ಗೆರೆ ಎಳೆಯುವಷ್ಟು ತಾಳ್ಮೆ ಇಲ್ಲ. ಹಳೇ ಸಾಲುಗಳನ್ನು ನೋಡಿ ಬಾಯಿಗೆ ಬಂದ ಸಂಖ್ಯೆಗೆ ಮುಕ್ಕಾಲು ಪಾಲು ಸೇರಿಸಿ ಹೇಳುತ್ತೇನೆ. ಮೊದಲು ಎಲ್ಲರೂ ಹುಬ್ಬೇರಿಸಿದರು, ಈಗ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಹುಮ್ಮಸ್ಸಿನಲ್ಲಿದ್ದಾಗ ಒಂದು ತಪ್ಪು ಮಾಡಿದೆ. ತಪ್ಪುಗಳ ಪಟ್ಟಿಯಿಂದ ಒಂದು ಚೆಂದದ ಗ್ರಾಫ್ ಮಾಡಿ ಆಗಿನ ಮ್ಯಾನೇಜರ್‌ಗೆ ತೋರಿಸಿದೆ. ಅವರು ತುಂಬ ಮೆಚ್ಚಿಕೊಂಡರು. ಮುಂದಿನ ಸಲ ವರ್ಷದ ಮೌಲ್ಯಮಾಪನಕ್ಕೆ ಬರುವಾಗ ಅದನ್ನೂ ತನ್ನಿ ಅಂದರು. ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಮರುದಿನದಿಂದ ಕೈ ಓಡಲಿಲ್ಲ. ಒಂದು ಬಗ್ ಸಿಕ್ಕಿದರೆ, ಇದನ್ನು ಬರೆಯಬೇಕಾ, ಇದು ತಪ್ಪೇನಾ, ಇದು ನನ್ನದಾ ಅಂತ ಯೋಚನೆ ಶುರು. ಸುಳ್ಳು ಬರೆಯಲಿಲ್ಲ. ಬರೆಯುವುದನ್ನೇ ಬಿಟ್ಟೆ, ನಾಲ್ಕು ತಿಂಗಳು. ಈ ಲೆಕ್ಕ ಬರೆದವರದ್ದೇ, ಮೇಲಿನವರು ಅದನ್ನು ಕೇಳಬಾರದು ಅಂತ ಹಂಫ್ರಿ ಒತ್ತಿ ಹೇಳಿದ್ದರು. ಓದಿದ್ದೆ ಕೂಡ. ಈಗ ಪಟ್ಟಿ ಇರುವುದು ಒಂದು ಕಾಗದದ ನೋಟ್‌ಬುಕ್ಕಿನಲ್ಲಿ, ಡ್ರಾಯರ್ ಒಳಗೆ. ಕಾಗದದಿಂದ ಗ್ರಾಫ್ ತಾನಾಗೇ ಏಳುವುದಿಲ್ಲ, ಅದೇ ಅದರ ಒಳ್ಳೇ ಗುಣ.

ಇತ್ತೀಚೆಗೆ ಒಂದು ಹೊಸ ಗೊಂದಲ. ಕೋಡಿನ ಎಷ್ಟೋ ಭಾಗವನ್ನು ಈಗ ಎಐ ಸಹಾಯಕ ಬರೆಯುತ್ತದೆ. ಅದರಲ್ಲಿ ಬಗ್ ಸಿಕ್ಕಿದರೆ "ಯಾವ ಹಂತದಲ್ಲಿ ಒಳಗೆ ಬಂತು" ಅನ್ನುವ ಕಾಲಂನಲ್ಲಿ ಏನು ಬರೆಯುವುದು? ಮೊದಲು "ಎಐ" ಅಂತ ಬರೆದೆ. ಬರೆದ ಕೂಡಲೇ ಡೊಂಕು ನೆಲದ ನೆನಪಾಯಿತು. ಹೊಡೆದುಹಾಕಿ "ಓದದೆ ಒಪ್ಪಿದ್ದು" ಅಂತ ಬರೆದೆ. ಆ ಬಗೆ ಈಗ ನಿಮಿಷಗಳ ಲೆಕ್ಕದಲ್ಲಿ "ಕೇಳಿದ್ದು ಬೇರೆ"ಯ ಹತ್ತಿರ ಬರುತ್ತಿದೆ. ಬೇರೆಯವರು ಬರೆದ ಕೋಡ್ ಓದುವ ಕಷ್ಟವೇ ಬೇರೆ. ನಾನೇ ಬರೆದಾಗ ಎಲ್ಲಿ ಅನುಮಾನ ಇತ್ತು ಅಂತ ಕೈಗೆ ನೆನಪಿರುತ್ತದೆ, ಇಲ್ಲಿ ಎಲ್ಲ ಸಾಲುಗಳೂ ಒಂದೇ ಧೈರ್ಯದಲ್ಲಿ ನಿಂತಿರುತ್ತವೆ.

ಕಳೆದ ವಾರದ ಕೊನೆಯ ನಮೂದು ಹೀಗಿದೆ. ಬಗೆ: ಅಂಚು. ಒಳಗೆ ಬಂದದ್ದು: ಓದದೆ ಒಪ್ಪಿದ್ದು. ಸಿಕ್ಕಿದ್ದು: ನನ್ನ ರಿವ್ಯೂನಲ್ಲಿ, ಮರುದಿನ ಬೆಳಗ್ಗೆ, ಚೆಕ್‌ಲಿಸ್ಟ್‌ನ ಎರಡನೇ ಅಂಶ. ನಿಮಿಷ: 3. ವಿವರಣೆ: ತಿಂಗಳ ಕೊನೆಯ ದಿನ.